ಐದನೆಯ ಗಂಟೆಯ ಗವುಸು

ಒಂದಾನೊಂದು ಕಾಲದಲ್ಲಿ, ನೆಲವೆಲ್ಲ ಇನ್ನೂ ನೀರಾಗಿದ್ದಾಗ, ಎಲ್ಮಿಯರ್ ಎಂಬ ದಿಬ್ಬದ ಮೇಲೆ ಎಂಟು ಜನ ಅಕ್ಕತಂಗಿಯರಿದ್ದರು. ಕೆಳಗೆ ಕಣ್ಣು ಹಾಯುವಷ್ಟು ದೂರ ಜೊಂಡು, ಕೆಸರು, ಹಾವುಮೀನು. ಮೇಲೆ ಒಂದೇ ಕೋಣೆಯ ಮನೆ, ಆ ಮನೆಯಲ್ಲಿ ಈ ಎಂಟು ಜನ. ಮಂಜಿನಲ್ಲಿ ದೋಣಿಯವರು ದಾರಿ ತಪ್ಪಿದರೆ ಅಕ್ಕತಂಗಿಯರು ಒಬ್ಬರಾದ ಮೇಲೊಬ್ಬರು ಕೂಗುತ್ತಿದ್ದರು, ಆ ಕೂಗು ಹಿಡಿದು ದೋಣಿಗಳು ದಡ ಸೇರುತ್ತಿದ್ದವು. ಒಂದು ಸಲ ರಾಜ ಬರುತ್ತಾನೆಂದು ಸುದ್ದಿಯಾಯಿತು. ಹಿಂದಿನ ದಿನವೇ ಕೆಸರಿನ ಮುದುಕಿ ಬಂದು ಐದನೆಯವಳ ನಾಲಿಗೆಗೆ ತೊಗಲು ಸುತ್ತಿ ಕಟ್ಟಿ ಹೋದಳು. ರಾಜ ಬಂದ. ಏಳು ಜನ ಏಳು ಥರ ಹೊಗಳಿದರು. ರಾಜ ಐದನೆಯವಳ ಮುಂದೆ ನಿಂತು ‘ನೀನೇನಂತೀಯಮ್ಮ?’ ಎಂದು ಕೇಳಿದ. ಐದನೆಯವಳು ಬಾಯಿ ತೆರೆದಳು.

ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅದರಾಚೆಗೆ ಹೋದವಳಲ್ಲ. ‘ಏನಂದ್ಲು ಅಜ್ಜಿ?’ ಎಂದು ಮೊಮ್ಮಗಳು ಹೆಟ್ಟಿ, ಸೆರಗು ಎಳೆಯುವ ಮಗುವಿನಂತೆ, ಅವಳ ಏಪ್ರನ್ನಿನ ತುದಿ ಹಿಡಿದು ಜಗ್ಗಿದರೆ, ‘ನಾನೇನು ಅಲ್ಲಿದ್ನಾ? ರಾಜನ್ನ ಕೇಳು, ಬಂದಾಗ’ ಎಂದು ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಈಗ ಬರುತ್ತಿರುವುದು ರಾಜನಲ್ಲ, ರಾಜನ ಸೋದರತ್ತೆ, ಎಪ್ಪತ್ತೆಂಟು ವರ್ಷದ ರಾಜಕುಮಾರಿ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯರು ಹದಿನೆಂಟು ದಾಟುತ್ತಿರಲಿಲ್ಲ. ದಾಟಿದರೆ ರಾಣಿಯಾಗುತ್ತಿದ್ದರು, ಇಲ್ಲವೇ ಹಂಸವಾಗುತ್ತಿದ್ದರು. ಎರಡೂ ಆಗದೆ ಉಳಿದುಬಿಟ್ಟವಳು ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ, ಮಂಡಿನೋವಿಗೆ ಏನು ಹಚ್ಚಿಕೊಳ್ಳುತ್ತಾಳೆ, ಇಷ್ಟು ವರ್ಷ ಎಷ್ಟು ಸಾವಿರ ಜನರ ಕೈ ಕುಲುಕಿ ಅವಳ ಬಲ ಅಂಗೈ ಎಡ ಅಂಗೈಗಿಂತ ಸವೆದಿದೆಯೋ ಏನೋ ಎಂದು ಹೆಟ್ಟಿ ಮರ್ಫಿಟ್ ಗುರುವಾರ ಬೆಳಿಗ್ಗೆ ಹತ್ತೂವರೆಯ ಬಿಸಿಲಲ್ಲಿ, ಕೆಥೆಡ್ರಲ್ಲಿನ ಎದುರಿನ ಹುಲ್ಲಿನ ಮೇಲೆ, ಸುಣ್ಣದಲ್ಲಿ ಎಳೆದ ಗೆರೆಗೆ ಬೂಟಿನ ತುದಿ ಮುಟ್ಟಿಸಿ ನಿಂತು ಯೋಚಿಸುತ್ತಿದ್ದಳು. ಯೋಚಿಸಬೇಕಾದದ್ದು ಅದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಯೋಚಿಸಬೇಕಾದದ್ದು ತಲೆಯ ಮೇಲೆ ಇನ್ನೂರ ಹನ್ನೆರಡು ಮೆಟ್ಟಿಲಿನಾಚೆ ಕತ್ತಲಲ್ಲಿ ತೂಗುತ್ತಿತ್ತು.

ಕೆಥೆಡ್ರಲ್ಲಿಗೆ ಒಂಬೈನೂರು ವರ್ಷ ತುಂಬಿತ್ತು. ಹುಲ್ಲಿನ ಉದ್ದಕ್ಕೂ ಮಡಿಸುವ ಮೇಜುಗಳನ್ನು ಒಂದಕ್ಕೊಂದು ತಾಗಿಸಿ, ಮೇಲೆ ಬಿಳಿ ಕಾಗದ ಹಾಸಿ, ಕಾಗದ ಹಾರದಂತೆ ಜಾಮಿನ ಶೀಶೆಗಳನ್ನಿಟ್ಟಿದ್ದರು. ಸೌತೆಕಾಯಿಯ ಸ್ಯಾಂಡ್‌ವಿಚ್, ಸಾಸೇಜ್ ರೋಲ್, ಯಾರೋ ಹಟ ಹಿಡಿದು ಮಾಡಿ ತಂದ ಹಾವುಮೀನಿನ ಕಡುಬು. ಶಾಲೆಯ ಮಕ್ಕಳ ಬ್ಯಾಂಡು ಒಂದೇ ಹಾಡನ್ನು ಮೂರನೇ ಸಲ ಶುರು ಮಾಡಿತ್ತು. ಗಾಳಿ ಪೂರ್ವಕ್ಕೆ ತಿರುಗಿದಾಗ ಸಕ್ಕರೆ ಗೆಡ್ಡೆಯ ಕಾರ್ಖಾನೆಯ ಸುಟ್ಟ ಸಿಹಿ ವಾಸನೆ ಬಂದು ಎಲ್ಲರ ಟೋಪಿಯ ಮೇಲೂ ಕೂರುತ್ತಿತ್ತು. ಹೆಟ್ಟಿ ಹಾಕಿಕೊಂಡಿದ್ದದ್ದು ಅಜ್ಜಿಯ ನೀಲಿ ಕೋಟು. ಕೋಟಿನ ಮೇಲೆ ಅಜ್ಜಿಯದೇ ಹೆಸರಿನ ಬಿಲ್ಲೆ: ‘ಮಿಸೆಸ್ ಕೆಜಿಯಾ ಮರ್ಫಿಟ್, ಗಂಟೆ ಸೇವೆ, ಅರವತ್ತೊಂದು ವರ್ಷ’. ಆಹ್ವಾನ ಬಂದದ್ದು ಆಗಸ್ಟಿನಲ್ಲಿ, ಅಜ್ಜಿಗೆ. ಅಜ್ಜಿ ಸತ್ತದ್ದು ಹೋದ ವಾರ. ಪಟ್ಟಿ ಹಿಡಿದು ಓಡಾಡುತ್ತಿದ್ದ ಕಚೇರಿಯ ಹೆಂಗಸು ಬೆಳಿಗ್ಗೆ ಪಿನ್ನು ಚುಚ್ಚುತ್ತ, ‘ಬೇರೆ ಮಾಡ್ಸೋಕೆ ಟೈಮಿರ್ಲಿಲ್ಲಮ್ಮ. ಪರ್ವಾಗಿಲ್ಲ. ಅವರು ಮಿಸೆಸ್ ಮರ್ಫಿಟ್ ಅಂತ ಕರೀತಾರೆ, ನೀನು ನಕ್ಕು ತಲೆ ಆಡ್ಸು, ಸಾಕು’ ಎಂದಿದ್ದಳು. ‘ಅರವತ್ತೊಂದು ವರ್ಷ ಅಂತಿದೆಯಲ್ಲ’ ಎಂದು ಹೆಟ್ಟಿ ಕೇಳಿದಾಗ ಹೆಂಗಸು ಒಂದು ಕ್ಷಣ ಅವಳ ಇಪ್ಪತ್ಮೂರರ ಮುಖ ನೋಡಿ, ‘ಅಷ್ಟು ಹತ್ತಿರದಿಂದ ಓದೋದಿಲ್ಲ ಅವರು’ ಎಂದು ಮುಂದೆ ಹೋದಳು.

‘ಬೆನ್ನು ನೆಟ್ಟಗಿಡು ಚಿನ್ನ, ಕೆಜ್ಜಿ ಕೋಟು ಜೋಲ್ತಿದೆ’ ಎಂದರು ಪಕ್ಕದಲ್ಲಿದ್ದ ಡಾಫ್ನಿ ಪ್ರಿಗರ್. ಕೆಥೆಡ್ರಲ್ಲಿನ ಹೂವಿನ ಉಸ್ತುವಾರಿ ಅವರದು. ಅವರ ಟೋಪಿಯ ಮೇಲೂ ಒಂದು ಸಣ್ಣ ತೋಟವಿತ್ತು. ‘ರಾಜಕುಮಾರಿ ಮುಂದೆ ಮಂಡಿ ಬಗ್ಸೋದು ಒಂದ್ಸಲ ತೋರ್ಸು ನೋಡೋಣ. ಅಯ್ಯೋ, ಹಂಗಲ್ಲ. ಅದು ಬಿದ್ದ ಕಾಸು ಹೆಕ್ಕೋ ಥರ ಆಯ್ತು. ಎಡಗಾಲು ಹಿಂದೆ.’ ಸಾಲಿನಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿ ನಕ್ಕರು. ಹೆಟ್ಟಿಯ ಕಿವಿ ಬಿಸಿಯಾಯಿತು. ಕನ್ನಡಕದ ಅಂಗಡಿಯ ಕಟ್ಟೆಯ ಹಿಂದೆ ಇಡೀ ದಿನ ನಿಂತು ಊರಿನವರ ಕಣ್ಣುಗಳನ್ನು ಒಂದಂಗುಲ ದೂರದಿಂದ ನೋಡುವವಳು ಅವಳು. ಆದರೆ ಊರಿನವರ ಕಣ್ಣುಗಳೆಲ್ಲ ಒಟ್ಟಿಗೆ ಅವಳನ್ನು ನೋಡಿದಾಗ ಎಲ್ಲಿ ಅಡಗಲಿ ಎನಿಸುತ್ತಿತ್ತು. ಎಡಗಾಲು ಹಿಂದೆ. ಸೋಮವಾರ ಸಂಜೆ ಗಂಟೆಗೋಪುರದ ಏಣಿ ಇಳಿಯುವಾಗಲೂ ಮೊದಲು ಎಡಗಾಲೇ ಹಿಂದೆ ಹೋಗಿತ್ತು. ಕೆಳಗಿನಿಂದ ಆಂಬ್ರೋಸ್ ಸೆಚೆಲ್ ಕೂಗಿ ಕೇಳಿದ್ದ: ‘ಎಲ್ಲಾ ಬಂತಾ?’ ‘ಬಂತು’ ಎಂದಿದ್ದಳು. ಯಾರೋ ಅವಳ ಗಂಟಲೊಳಗೆ ಕೂತು ಅವಳಿಗಿಂತ ಮೊದಲೇ ಹೇಳಿದಂತೆ ಬಂದುಬಿಟ್ಟಿತ್ತು ಆ ಮಾತು.

ಸತ್ತವರಿಗಾಗಿ ಗಂಟೆ ಬಾರಿಸುವಾಗ ಗಂಟೆಯ ನಾಲಿಗೆಗೆ ಒಂದು ಮಗ್ಗುಲಲ್ಲಿ ತೊಗಲಿನ ಗವುಸು ಕಟ್ಟುತ್ತಾರೆ. ಒಂದು ಹೊಡೆತಕ್ಕೆ ಕಂಚಿನ ದನಿ, ಮರುಹೊಡೆತಕ್ಕೆ ಅದರ ನೆರಳು. ಎಲ್ಮಿಯರ್‌ನ ಎಂಟು ಗಂಟೆಗಳಿಗೂ ಗವುಸು ಹೊಲಿದವಳು ಅಜ್ಜಿಯೇ. ಅವಳ ಅಣ್ಣನ ಕುದುರೆ ಸತ್ತಾಗ ಉಳಿದ ಜೀನನ್ನು ಕತ್ತರಿಸಿ, ಅಡುಗೆಮನೆಯ ಮೇಜಿನ ಮೇಲೆ ದಬ್ಬಳದಲ್ಲಿ ತೂತು ಹೊಡೆದು ಹೊಲಿದದ್ದು. ಅವಳು ಬಾರಿಸುತ್ತಿದ್ದದ್ದು ಐದನೆಯ ಗಂಟೆ. ಹೋದ ಶನಿವಾರ ಅವಳಿಗಾಗಿಯೇ ಎಂಟಕ್ಕೂ ಗವುಸು ಕಟ್ಟಿ ಬಾರಿಸಿದರು. ಐದನೆಯದರ ಹಗ್ಗವನ್ನು ಹಿಡಿದದ್ದು ಕಾಲಿನ್ ಎಂಬ ಅಂಚೆಯವನು. ಹೆಟ್ಟಿಗೆ ಎರಡು ವರ್ಷ ಕಲಿತರೂ ಸಾಲಿನೊಳಗೆ ನಿಂತು ಬಾರಿಸುವಷ್ಟು ಕೈ ಕುದುರಿರಲಿಲ್ಲ. ಸದಾ ಅರೆಕ್ಷಣ ತಡ. ‘ಯೋಚ್ನೆ ಮಾಡಿ ಎಳೀತೀಯ ನೀನು’ ಎಂದು ಆಂಬ್ರೋಸ್ ಗೊಣಗುತ್ತಿದ್ದ. ಗೋಪುರದ ಮುಖ್ಯಸ್ಥ ಅವನು. ನಲವತ್ತು ವರ್ಷ ಜೌಗಿನ ನೀರೆತ್ತುವ ಪಂಪು ನೋಡಿಕೊಂಡವನಾದ್ದರಿಂದ ಯಾವುದಕ್ಕೂ ದನಿ ಎತ್ತಬೇಕಾದ ಅಗತ್ಯ ಅವನಿಗೆ ಕಂಡಿರಲಿಲ್ಲ. ಶನಿವಾರ ಮಣ್ಣು ಮುಗಿದ ಮೇಲೆ ಅವನು ಅವಳ ಭುಜದ ಮೇಲೆ ಕೈಯಿಟ್ಟು, ‘ರಾಜಕುಮಾರಿಗೆ ನೀನು ಬಾರ್ಸೋದು ಬೇಡ ಹೆಣ್ಣೇ. ಗವುಸು ಬಿಚ್ಚೋ ಕೆಲ್ಸ ನಿಂದು. ಗುರುವಾರದೊಳ್ಗೆ. ಮಾತು ಕೊಡು’ ಎಂದ. ಅವಳು ಕೊಟ್ಟಳು. ಸೋಮವಾರ ಹತ್ತಿ ಏಳು ಬಿಚ್ಚಿದಳು. ಕೊನೆಗಿರಲಿ ಎಂದು ಬಿಟ್ಟಿದ್ದ ಐದನೆಯದರ ಕೆಳಗೆ ತೊಲೆಯ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆಯನ್ನು ಗಂಟೆಯೊಳಗಿಟ್ಟಳು. ಒಳಗೆ ತೊಗಲಿನ ವಾಸನೆ, ಅಜ್ಜಿ ಹಚ್ಚುತ್ತಿದ್ದ ಎಣ್ಣೆಯ ವಾಸನೆ. ಬಕಲ್ಲು ಬಿಗಿಯಾಗಿತ್ತು. ಅಷ್ಟೇನೂ ಬಿಗಿಯಾಗಿರಲಿಲ್ಲ. ಬೆರಳು ಬಕಲ್ಲಿನ ಮೇಲಿತ್ತು, ಆಗ ಆ ಕಥೆ ನೆನಪಾಯಿತು. ನಾಲಿಗೆ ಕಟ್ಟಿಸಿಕೊಂಡವಳು ಅರಮನೆಯವರ ಮುಂದೆ ಬಾಯಿ ತೆರೆದರೆ ಏನು ಕೇಳುತ್ತದೆ? ಬರೀ ಕುತೂಹಲ. ಬಾವಿಗೆ ಕಲ್ಲು ಹಾಕಿ ಕಿವಿಗೊಡುವಂಥದು. ಮಂಗಳವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಹತ್ತಿ ಬಿಚ್ಚಿಬಿಡುತ್ತೇನೆ ಎಂದುಕೊಂಡು ಎದ್ದಳು. ಮಂಗಳವಾರ ಬೆಳಿಗ್ಗೆ ಗೋಪುರದ ಬಾಗಿಲಲ್ಲಿ ಪೊಲೀಸರ ನಾಯಿಗಳಿದ್ದವು. ನಾಯಿಗಳು ಮೂಸಿ ನೋಡಿದ ಮೇಲೆ ಪೊಲೀಸರು ರಾಜಕುಮಾರಿಯ ಭೇಟಿಗೆಂದು ಬೀಗ ಹಾಕಿ, ಬೀಗಕ್ಕೆ ಮುದ್ರೆ ಒತ್ತಿ ಹೋದರು. ಬುಧವಾರದ ಅಭ್ಯಾಸವೂ ರದ್ದಾಯಿತು. ಆಂಬ್ರೋಸನ ಮನೆ ಅವಳ ಮನೆಯಿಂದ ಹನ್ನೊಂದು ಬಾಗಿಲು. ಆ ಹನ್ನೊಂದು ಬಾಗಿಲು ದಾಟಿ ಹೋಗಿ ಹೇಳುವುದಕ್ಕೆ ಮಂಗಳವಾರದ ಸಂಜೆಯಿತ್ತು, ಬುಧವಾರ ಇಡೀ ದಿನವಿತ್ತು. ಒಮ್ಮೆ ಅವನ ಗೇಟಿನ ತನಕ ಹೋಗಿ, ಅವನು ಕಿಟಕಿಯೊಳಗೆ ಒಬ್ಬನೇ ಕೂತು ಬೂಟಿಗೆ ಪಾಲಿಷ್ ಹಾಕುತ್ತಿದ್ದದ್ದನ್ನು ನೋಡಿ, ಎಷ್ಟು ನಿಧಾನಕ್ಕೆ ಹಾಕುತ್ತಾನಲ್ಲ ಎಂದು ನೋಡುತ್ತಲೇ ನಿಂತು, ವಾಪಸು ಬಂದಿದ್ದಳು.

‘ಬಂದ್ರು, ಬಂದ್ರು!’ ಎಂದು ಯಾರೋ ಅಂದರು. ಬಂದಿರಲಿಲ್ಲ, ಬ್ರೆಡ್ಡಿನ ವ್ಯಾನು. ಪೊಲೀಸರು ಅದನ್ನು ಹಿಂದೆ ಕಳಿಸಿದರು. ಆಮೇಲೆ ನಿಜವಾಗಿಯೂ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿತು, ಬ್ಯಾಂಡು ತಡಬಡಿಸಿ ನಿಂತಿತು, ಗೋಪುರದಿಂದ ಗಂಟೆಗಳು ಶುರುವಾದವು. ಚಿಕ್ಕವಳಿಂದ ದೊಡ್ಡವಳ ತನಕ ಎಂಟು ದನಿ, ಮೆಟ್ಟಿಲಿಳಿದು ಬರುವಂತೆ. ಊರೆಲ್ಲ ತಲೆಯೆತ್ತಿತು. ಹೆಟ್ಟಿ ಮಾತ್ರ ತಲೆ ತಗ್ಗಿಸಿ ಸುಣ್ಣದ ಗೆರೆ ನೋಡುತ್ತ ಕಾದಳು. ಮರುಸಾಲು ಬಂತು. ಒಂದು, ಎರಡು, ಮೂರು, ನಾಲ್ಕು, ಆಮೇಲೆ ಒಂದು ಮೆಟ್ಟಿಲಿಲ್ಲ, ಆಮೇಲೆ ಆರು, ಏಳು, ಎಂಟು. ಇಳಿಯುವವನ ಕಾಲು ಅರೆಕ್ಷಣ ಗಾಳಿಯಲ್ಲಿ. ಅವಳು ಉಸಿರು ಹಿಡಿದು ಆ ಇಲ್ಲದ ಜಾಗಕ್ಕೇ ಕಿವಿಗೊಟ್ಟಳು. ಏನೋ ಇತ್ತು ಅಲ್ಲಿ. ಪಕ್ಕದ ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತೆ. ಮತ್ತೆ ಮರುಸಾಲು. ಮತ್ತೆ ಅದೇ ದಪ್ಪ, ಕುರುಡು ಸದ್ದು. ಇಷ್ಟು ದಿನ ಕಾದು, ಸುಳ್ಳು ಹೇಳಿ, ನಿದ್ದೆಗೆಟ್ಟು ಕೇಳಬೇಕೆಂದಿದ್ದದ್ದು ಇದೇ. ಹತ್ತು ಸಾಲು ಹೋಗುವಷ್ಟರಲ್ಲಿ ಅವಳಿಗೆ ಸ್ಪಷ್ಟವಾಯಿತು: ಅಲ್ಲಿ ಅಜ್ಜಿ ಇರಲಿಲ್ಲ. ತೊಗಲಿತ್ತು. ಸತ್ತ ಕುದುರೆಯ ಜೀನಿನ ತುಂಡು.

‘ಎಷ್ಟು ಚೆನ್ನಾಗಿದೆ ಅಲ್ವಾ!’ ಎಂದರು ಪ್ರಿಗರ್, ಕಣ್ಣಲ್ಲಿ ನೀರು ತುಂಬಿಕೊಂಡು. ‘ಕೆಜ್ಜಿ ಇರಬೇಕಾಗಿತ್ತು ಇವತ್ತು.’ ಯಾರಿಗೂ ತಿಳಿಯಲಿಲ್ಲ. ಇದು ಅವಳಿಗೆ ಸಮಾಧಾನ ತರಬೇಕಿತ್ತು, ತರಲಿಲ್ಲ. ಕೂದಲು ಕತ್ತರಿಸಿಕೊಂಡು ಬಂದು ಯಾರೂ ನೋಡದೆ ಹೋದ ದಿನದಂತೆ ಒಂದು ಸಣ್ಣ ನಿರಾಶೆ ಬಂತು. ಆ ನಿರಾಶೆಯನ್ನು ಕಂಡು ಅವಳಿಗೇ ಹೇಸಿಗೆಯಾಯಿತು. ಮೇಲೆ ಎಂಟು ಜನಕ್ಕೆ ತಿಳಿದಿದೆ. ಕಾಲಿನ್‌ನ ಕೈಗೆ ತಿಳಿದಿದೆ. ಆಂಬ್ರೋಸನಿಗೆ ಮೊದಲ ಮರುಹೊಡೆತದಲ್ಲೇ ತಿಳಿದಿರುತ್ತದೆ, ಅವನು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ ಎಳೆಯುತ್ತಿರುತ್ತಾನೆ, ಒಂಬೈನೂರು ವರ್ಷದ ಹಬ್ಬದ ದಿನ ಎಲ್ಮಿಯರ್‌ನ ಗಂಟೆಗಳು ಅರಮನೆಯವರ ಮುಂದೆ ಅರ್ಧ ಸಾವಿನ ಗಂಟೆಯಾಗಿ ಮೊಳಗಿದವೆಂದು ಅವನ ಮನಸ್ಸು ಬರೆದುಕೊಳ್ಳುತ್ತಿರುತ್ತದೆ. ರಾಜಕುಮಾರಿ ಕಾರಿನಿಂದ ಇಳಿದಳು. ಸಣ್ಣ ಆಕೃತಿ, ಹಳದಿ ಕೋಟು, ಬೆಣ್ಣೆಯ ಬಣ್ಣದ ಟೋಪಿ. ಬಿಷಪ್ಪನ ಕೈ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತುತ್ತ ಒಳಗೆ ಹೋದಳು. ಪ್ರಾರ್ಥನೆ ಅರ್ಧ ಗಂಟೆ. ಆಮೇಲೆ ಹೊರಬಂದು ಸಾಲಿನವರನ್ನು ಮಾತಾಡಿಸುತ್ತಾಳೆ. ಅವಳು ಹೊರಡುವಾಗ ಗಂಟೆಗಳು ಮತ್ತೆ, ಈ ಸಲ ಮುಕ್ಕಾಲು ಗಂಟೆ ಹೊತ್ತು, ಇಡೀ ಊರು ಮೇಜಿಗೆ ಕೂತಿರುವಾಗ.

ಆಗಲೇ ಗಂಟೆಗಳ ನಡೆ ಬದಲಾಯಿತು. ದನಿಗಳು ಹತ್ತಿರ ಹತ್ತಿರ ಬಂದವು, ವೇಗವಾದವು, ಮೆತ್ತಗಾದವು, ಕೊನೆಗೆ ಒಂದರ ಮೇಲೊಂದು ಬಿದ್ದು ಗುಬ್ಬಚ್ಚಿಗಳಂತೆ ಗುಜುಗುಟ್ಟಿ ನಿಂತುಹೋದವು. ಹುಲ್ಲಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಹೆಟ್ಟಿ ತಲೆಯೆತ್ತಿ ಗೋಪುರ ನೋಡಿದಳು. ಹಾಗೆ ಮಾಡುವ ರೂಢಿಯಿಲ್ಲ. ಮತ್ತೆ ಬಾರಿಸುವುದಿದ್ದಾಗ ಗಂಟೆಗಳನ್ನು ಬಾಯಿ ಮೇಲಾಗಿ ನಿಲ್ಲಿಸಿಯೇ ಬಿಡುತ್ತಾರೆ. ಹಾಗೆ ನಿಂತ ಗಂಟೆಗಳ ನಡುವೆ ಕಾಲಿಟ್ಟವನ ಮೂಳೆ ಸಿಗುವುದಿಲ್ಲ, ಒಂದು ಕೈ ತಾಗಿದರೆ ಸಾಕು, ಟನ್ನುಗಟ್ಟಲೆ ಕಂಚು ಮಗುಚಿಕೊಳ್ಳುತ್ತದೆ. ಹೆಟ್ಟಿಗೆ ಹತ್ತು ವರ್ಷವಿದ್ದಾಗ, ಹಗ್ಗ ಮುಟ್ಟಿಸುವುದಕ್ಕೆ ಎಷ್ಟೋ ಮೊದಲೇ, ಅಜ್ಜಿ ಕಲಿಸಿದ ಮೊದಲ ಪಾಠ ಅದು. ಗಂಟೆಗಳನ್ನು ಕೆಳಗಿಳಿಸುವುದು ಯಾರಾದರೂ ಮೇಲೆ ಹೋಗಬೇಕಾದಾಗ ಮಾತ್ರ. ಊರಿಗೆ ಊರೇ ಕೇಳಿ ಚಪ್ಪಾಳೆ ತಟ್ಟಿದ ಆ ಗುಜುಗುಜು, ಊರಿನಲ್ಲಿ ಒಬ್ಬಳಿಗಾಗಿ ಆಡಿದ ಮಾತಾಗಿತ್ತು: ಇಳಿಸಿದ್ದೇನೆ, ಬಾ.

ಹೋಗಲೇಬೇಕೆಂದೇನೂ ಇರಲಿಲ್ಲ. ಕಾಲಿನ್ ಇದ್ದಾನೆ, ಏಣಿ ಹತ್ತುವವನು. ಎರಡು ನಿಮಿಷದಲ್ಲಿ ಬಿಚ್ಚಿ ಬರುತ್ತಾನೆ. ಅವಳು ಇಲ್ಲೇ ಗೆರೆಯ ಮೇಲೆ ನಿಂತು, ಆ ಸವೆದ ಅಂಗೈ ಹೇಗಿರುತ್ತದೆಂದು ತನ್ನ ಅಂಗೈಯಲ್ಲೇ ತಿಳಿದುಕೊಂಡು, ನಕ್ಕು ತಲೆಯಾಡಿಸಿ, ಅರವತ್ತೊಂದು ವರ್ಷ ಬಾರಿಸಿದವಳಾಗಿ ಮನೆಗೆ ಹೋಗಬಹುದು. ಆಗಸ್ಟಿನಲ್ಲಿ ಕಾಗದ ಬಂದಾಗ ಅಜ್ಜಿ ಅದನ್ನು ಬ್ರೆಡ್ಡಿನ ಡಬ್ಬಿಗೆ ಒರಗಿಸಿಟ್ಟು, ‘ನನ್ನ ಕಾಲು ಅಲ್ಲೀತನ್ಕ ನಿಲ್ಲಲ್ಲ. ನೀನು ನೋಡ್ಕಂಡು ಬಂದು ಹೇಳು, ಅವಳ ಶೂಸು ಎಂಥದು ಅಂತ. ಶೂಸು ನೋಡಿದ್ರೆ ಗೊತ್ತಾಗತ್ತೆ ಮನುಷ್ಯರು’ ಎಂದಿದ್ದಳು. ಈಗ ಹೇಳುವುದಕ್ಕೆ ಅಜ್ಜಿಯಿಲ್ಲ, ಆದರೂ ನೋಡುವ ಆಸೆ ಹೋಗಿರಲಿಲ್ಲ. ಹೆಟ್ಟಿ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡಳು. ಅದರ ಪಿನ್ನು ಕೋಟಿನ ಹಳೆಯ ತೂತಿನಲ್ಲೇ ಕೂತಿತ್ತು, ಅಜ್ಜಿ ಪ್ರತಿ ಭಾನುವಾರ ಬ್ರೋಚ್ ಚುಚ್ಚುತ್ತಿದ್ದ ತೂತು. ಆ ತೂತಿನೊಳಗೆ ತಾನೂ ಪೂರ್ತಿ ತೂರಿಕೊಂಡುಬಿಟ್ಟಿದ್ದೇನೆ, ರಾಜಕುಮಾರಿ ‘ಮಿಸೆಸ್ ಮರ್ಫಿಟ್’ ಎಂದೊಡನೆ ಹೊರಗೆ ಬರುವ ದಾರಿ ಮುಚ್ಚಿಹೋಗುತ್ತದೆ ಎನಿಸಿತು. ಎಡಗಾಲು ಹಿಂದೆ ಹೋಯಿತು.

‘ಎಲ್ಲಿಗೆ ಚಿನ್ನ? ಬಾತ್‌ರೂಮಿಗಾ? ತಡ್ಕೋ ಸ್ವಲ್ಪ, ನಾನೂ ತಡ್ಕೊಂಡಿದೀನಿ’ ಎಂದರು ಪ್ರಿಗರ್.

‘ಗೋಪುರಕ್ಕೆ. ಒಂದು ಕೆಲ್ಸ ಬಾಕಿ ಇದೆ.’

‘ಇವತ್ತಾ? ಈಗ್ಲಾ?’

ಪಟ್ಟಿಯ ಹೆಂಗಸು ಓಡಿ ಬಂದಳು. ‘ಸಾಲು ಬಿಟ್ರೆ ಮತ್ತೆ ಒಳಗೆ ಬಿಡೋ ಹಾಗಿಲ್ಲಮ್ಮ. ನಾನು ಹೆಸರು ಹೊಡೆದು ಹಾಕ್ಬೇಕಾಗತ್ತೆ.’

‘ಹಾಕಿ’ ಎಂದಳು ಹೆಟ್ಟಿ. ‘ಅದು ನನ್ನ ಹೆಸರಲ್ಲ.’ ಜೋರಾಗಿ ಹೇಳಬೇಕೆಂದಿದ್ದಳು, ಕ್ಷಮೆ ಕೇಳುವವಳಂತೆ ಬಂತು.

ಗೋಪುರದ ಬಾಗಿಲಲ್ಲಿ ಎಳೆಯ ಪೊಲೀಸಿನವನು ಅವಳ ಬಿಲ್ಲೆಯನ್ನೂ ಮುಖವನ್ನೂ ಒಂದರ ಮೇಲೊಂದಿಟ್ಟು ನೋಡಿದ. ‘ಗಂಟೆಯವರ ಪಟ್ಟೀಲಿ ನೀವಿಲ್ಲ. ಅರವತ್ತೊಂದು ವರ್ಷ ಅಂತ ಬೇರೆ ಇದೆ. ಏನು ತಿಂತೀರಿ ಮೇಡಂ, ನಮ್ಮಮ್ಮಂಗೂ ಹೇಳಿ.’ ಅವನ ಜೊತೆಯವನು ಮುಸಿಮುಸಿ ನಕ್ಕ. ಹೆಟ್ಟಿ ಬಿಲ್ಲೆಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಹಿಂದಿನ ಕತ್ತಲಿನ ಸುರುಳಿ ಮೆಟ್ಟಿಲಿನಿಂದ ಬೂಟಿನ ಸದ್ದು ಬಂತು, ಪಾಲಿಷ್ ಹಾಕಿದ ಬೂಟು ಮೊದಲು ಕಾಣಿಸಿತು, ಆಮೇಲೆ ಆಂಬ್ರೋಸ್. ಅಷ್ಟು ಮೆಟ್ಟಿಲು ಇಳಿದು ಅವನ ತುಟಿ ಬಿಳಿಚಿತ್ತು. ‘ಬಿಡಪ್ಪ ಅವ್ಳನ್ನ. ನಮ್ಮ ಹುಡ್ಗಿ’ ಎಂದ. ‘ಜೇಬು ಬೇಕಾದ್ರೆ ನೋಡ್ಕೋ. ಕರ್ಚೀಫು ಬಿಟ್ರೆ ಏನೂ ಇರಲ್ಲ.’ ಪೊಲೀಸಿನವನು ಜೇಬು ನೋಡಿದ. ಕರ್ಚೀಫು ಇತ್ತು.

ಆಂಬ್ರೋಸ್ ಮುಂದೆ, ಅವಳು ಹಿಂದೆ. ಅವನು ಇಪ್ಪತ್ತು ಮೆಟ್ಟಿಲಿಗೊಮ್ಮೆ ಗೋಡೆಗೆ ಕೈಕೊಟ್ಟು ನಿಲ್ಲುತ್ತಿದ್ದ. ಬೈದರೆ ಚೆನ್ನಾಗಿತ್ತು. ಒಳಗಿನಿಂದ ಆರ್ಗನ್ನಿನ ಸದ್ದು ಕಲ್ಲಿನ ಮೂಲಕ ಬಂದು ಅಂಗಾಲಿಗೆ ತಾಗುತ್ತಿತ್ತು. ಅವಳಿಗೆ ಅಜ್ಜಿಯ ಕೊನೆಯ ವರ್ಷ ನೆನಪಾಯಿತು. ಇದೇ ಮೆಟ್ಟಿಲಲ್ಲಿ ಹೀಗೇ ಆಂಬ್ರೋಸ್ ಮುಂದೆ, ನಡುವೆ ಅಜ್ಜಿ, ಹಿಂದೆ ತಾನು; ಅಜ್ಜಿ ನಿಂತಾಗ ಇವನೂ ನಿಂತು ‘ನಂಗೇ ಸುಸ್ತಾಯ್ತು ಕೆಜ್ಜಿ’ ಎನ್ನುತ್ತಿದ್ದ. ಆಗ ಅವನಿಗೆ ಸುಸ್ತಾಗುತ್ತಿರಲಿಲ್ಲ. ಅವನದು ಆರನೆಯ ಗಂಟೆ. ನಲವತ್ತು ವರ್ಷ ಅಜ್ಜಿಯ ಕೈ ಎತ್ತಿದ ಮೇಲೆ ತನ್ನ ಕೈ ಎತ್ತಿದವನು.

‘ಅಂಕಲ್’ ಎಂದಳು, ಅವನು ಮೂರನೇ ಸಲ ನಿಂತಾಗ. ‘ನಂಗೆ ಗೊತ್ತಿತ್ತು. ಮರೆತಿದ್ದಲ್ಲ.’

‘ಹೂಂ.’

‘ಎಲ್ಲಾ ಬಂತು ಅಂತ ಸುಳ್ಳು ಹೇಳ್ದೆ.’

‘ಹೂಂ. ಗವುಸಿನ ಚೀಲ ಗೂಟಕ್ಕೆ ಹಾಕುವಾಗ್ಲೇ ತೂಕ ಗೊತ್ತಾಯ್ತು. ಏಳಿತ್ತು.’

ಅವಳು ಕತ್ತಲಲ್ಲಿ ಅವನ ಬೆನ್ನನ್ನು ನೋಡಿದಳು. ‘ಸೋಮವಾರಾನೇ?’

‘ಸೋಮವಾರಾನೇ.’

‘ಮತ್ತೆ ಯಾಕೆ ಹೇಳ್ಲಿಲ್ಲ?’

ಅವನು ಮುಂದಿನ ಮೆಟ್ಟಿಲಿಗೆ ಕಾಲಿಟ್ಟ. ‘ಮಂಗಳವಾರ ನೀನೇ ಹತ್ತೀಯ ಅಂತಿದ್ದೆ. ಆಮೇಲೆ ನಾಯಿ ಬಂತು. ಬುಧವಾರ ನೀನು ನನ್ನ ಗೇಟಿನ ಹತ್ರ ನಿಂತಿದ್ದೆ, ಗಾಜಲ್ಲಿ ಕಾಣಿಸ್ದೆ. ಆ ಬೂಟಿಗೆ ಎರಡು ಸಲ ಪಾಲಿಷ್ ಹಾಕ್ದೆ, ಒಳಗೆ ಬರ್ತೀಯೇನೋ ಅಂತ.’ ಇನ್ನೂ ನಾಲ್ಕು ಮೆಟ್ಟಿಲು ಹತ್ತಿ, ತಿರುಗದೆಯೇ ಹೇಳಿದ: ‘ನಂಗೂ ಏನಂಥ ಅವಸರ ಇರ್ಲಿಲ್ಲ ಹೆಣ್ಣೇ. ಬಿಚ್ಚಿದ್ರೆ ಐದನೇದು ಕಾಲಿನ್ನಂದಾಗತ್ತೆ.’

ಹಗ್ಗಗಳ ಕೋಣೆಯಲ್ಲಿ ಏಳು ಜನ ಗೋಡೆಗುಂಟ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಕಾಲಿನ್ ಎದ್ದು, ‘ನಾನೇ ಹೋಗಿ ಬರ್ಲಾ?’ ಎಂದ. ಒಳ್ಳೆಯವನು ಅವನು. ‘ಅಂಚೆ ಹಂಚೋದು ನಿನ್ನ ಕೆಲ್ಸ. ಇದು ಅವಳ್ದು’ ಎಂದ ಆಂಬ್ರೋಸ್. ಯಾರೋ ಒಬ್ಬರು, ಅವಳಿಗೆ ಕೇಳಲೆಂದೇ ಇರಬೇಕು, ‘ಎಂಟರ ತನ್ಕ ಎಣಿಸೋಕೆ ಬರೋರು ಹತ್ತಿದ್ರೆ ಇನ್ನೂ ಚೆನ್ನಾಗಿರ್ತಿತ್ತು’ ಎಂದು ಲೋಟದೊಳಗೆ ಹೇಳಿದರು. ಹೆಟ್ಟಿ ಗೂಟದಿಂದ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ನಿಜ, ಹಗುರವಾಗಿತ್ತು. ಒಂದು ಗವುಸಿಗೆ ಅಷ್ಟು ತೂಕವಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

ಏಣಿ, ಮುಚ್ಚಳದ ಬಾಗಿಲು, ಆಮೇಲೆ ಗಂಟೆಗಳ ಕೋಣೆ. ಎಂಟೂ ಬಾಯಿ ಕೆಳಗಾಗಿ ತೂಗುತ್ತಿದ್ದವು, ಈಗಷ್ಟೇ ಬಾರಿಸಿದ್ದರಿಂದ ಗಾಳಿ ಇನ್ನೂ ಬೆಚ್ಚಗಿದ್ದಂತೆ ತೋರಿತು, ಇಲ್ಲವೇ ಅವಳೇ ಬೆಚ್ಚಗಿದ್ದಳೋ. ಗೋಡೆಯ ಎತ್ತರದ ಕಿಂಡಿಗಳಿಗೆ ಓರೆಯಾಗಿ ಹಲಗೆ ಹೊಡೆದಿದ್ದರು. ಹಲಗೆಗಳ ಸಂದಿನಲ್ಲಿ ಜಾಕ್‌ಡಾ ಕಾಗೆಗಳು ತಂದು ತುರುಕಿದ ಕಡ್ಡಿಗಳು. ಅವಳು ನೇರ ಐದನೆಯದರ ಹತ್ತಿರ ಹೋಗಬೇಕಿತ್ತು. ಕೆಳಗೆ ಜನ ಕೂಗಿದ್ದು ಕೇಳಿಸಿತು, ಕಾಲು ಕಿಂಡಿಯ ಕಡೆ ಹೋಯಿತು. ಒಂದು ಕಣ್ಣನ್ನು ಸಂದಿಗೆ ಹಚ್ಚಿದಳು. ಪ್ರಾರ್ಥನೆ ಮುಗಿದು ರಾಜಕುಮಾರಿ ಹೊರಗೆ ಬಂದಿದ್ದಳು. ಇಷ್ಟು ಮೇಲಿನಿಂದ ಅವಳು ಒಂದು ಬೆಣ್ಣೆಯ ಬಣ್ಣದ ಬಟನ್ನು, ಅವಳ ಸುತ್ತ ಕಪ್ಪು ಬಟನ್ನುಗಳು. ಆ ಬಟನ್ನು ಸುಣ್ಣದ ಗೆರೆಗುಂಟ ಒಬ್ಬೊಬ್ಬರ ಮುಂದೆ ನಿಂತು, ಚಲಿಸಿ, ನಿಂತು ಬರುತ್ತಿತ್ತು. ಪ್ರಿಗರರ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಹಸಿರು ಖಾಲಿ ಉಳಿದಿತ್ತು, ಯಾರೂ ಅದನ್ನು ಮುಚ್ಚಿರಲಿಲ್ಲ. ಹೂವಿನ ಟೋಪಿ ಬಗ್ಗಿತು, ಬಹಳ ಹೊತ್ತು ಮಾತಾಡಿತು. ಆ ಹೊತ್ತಿನಲ್ಲಿ, ಯಾರ ಕಣ್ಣೂ ಇಲ್ಲದ ಹಿಂಭಾಗದಲ್ಲಿ, ರಾಜಕುಮಾರಿ ಮೆಲ್ಲಗೆ ಬಲಗಾಲಿನ ಹಿಮ್ಮಡಿಯನ್ನು ಶೂಸಿನಿಂದ ಹೊರಗೆಳೆದು, ಗಾಳಿಗೆ ಬಿಟ್ಟು, ಮತ್ತೆ ಒಳಗೆ ಸೇರಿಸಿದಳು. ಅಷ್ಟೆ. ಕಪ್ಪು ಶೂಸು, ಒಂದಳತೆ ಚಿಕ್ಕದಿರಬೇಕು. ಹೆಟ್ಟಿಗೆ ಬಾಯಿ ತುಂಬ ನಗು ಬಂತು. ಅಜ್ಜಿಗೆ ಹೇಳಲು ಐದನೆಯ ಗಂಟೆಯ ಕಡೆ ತಿರುಗಿದಂತೆಯೂ ಆಯಿತು. ಅಷ್ಟರಲ್ಲಿ ಪ್ರಿಗರ್ ಖಾಲಿ ಜಾಗ ತೋರಿಸಿ, ಆಮೇಲೆ ಬೆರಳೆತ್ತಿ ಗೋಪುರವನ್ನು ತೋರಿಸಿದರು. ಬೆಣ್ಣೆಯ ಬಟನ್ನು ಹಿಂದಕ್ಕೆ ವಾಲಿತು, ಅದರ ಕೆಳಗಿನಿಂದ ಒಂದು ಸಣ್ಣ ಬಿಳಿ ಮುಖ ಹೊರಬಂದು ಮೇಲೆ ನೋಡಿತು. ಕಾಣುವುದು ಓರೆ ಹಲಗೆ ಮಾತ್ರ ಎಂದು ಗೊತ್ತಿದ್ದರೂ ಹೆಟ್ಟಿ ಹಿಂದೆ ಸರಿಯಲಿಲ್ಲ. ನೀನೇನಂತೀಯಮ್ಮ? ಅವಳ ಬಾಯಲ್ಲಿ ಏನೂ ಇರಲಿಲ್ಲ. ಆದರೆ ಒಂದು ವಿಷಯ ಹೊಳೆಯಿತು, ಇಷ್ಟು ವರ್ಷ ಯಾಕೆ ಹೊಳೆದಿರಲಿಲ್ಲವೋ. ಅಜ್ಜಿಯ ಕಥೆಯಲ್ಲಿ ರಾಜ ಬಂದ, ಮುದುಕಿ ಬಂದಳು, ಊರೆಲ್ಲ ಬಂತು. ಮೇಲೆ ಹತ್ತಿ ಹೋಗಿ ಆ ತೊಗಲು ಬಿಚ್ಚುವವರು ಮಾತ್ರ ಯಾರೂ ಇರಲಿಲ್ಲ. ಅದಕ್ಕೇ ಕಥೆ ಅಲ್ಲಿ ನಿಲ್ಲುತ್ತಿತ್ತು.

‘ಹೆಟ್ಟೀ! ಗೂಡು ಕಟ್ತಿದ್ದೀಯೇನೇ?’ ಕೆಳಗಿನಿಂದ ಆಂಬ್ರೋಸ್. ‘ಹತ್ತು ನಿಮಿಷಕ್ಕೆ ಅವರ ಕಾರು!’

ಅವಳು ತೊಲೆಯ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆಯನ್ನು ಐದನೆಯ ಗಂಟೆಯೊಳಗೆ ಸೇರಿಸಿದಳು. ಅದೇ ಎಣ್ಣೆಯ ವಾಸನೆ. ಒಂದು ಸಲ ಆಳವಾಗಿ ಎಳೆದುಕೊಂಡಳು, ಎರಡನೇ ಸಲ ಬೇಡವೆಂದು ಬಾಯಿಯಿಂದ ಉಸಿರಾಡಿದಳು. ಪಟ್ಟಿಯಲ್ಲಿ ಅಚ್ಚಿನ ತೂತುಗಳ ಆಚೆ ಒಂದು ಸೊಟ್ಟ ತೂತಿತ್ತು, ಅಜ್ಜಿ ಮೊಳೆಯಿಂದ ಹೊಡೆದದ್ದು, ಬಕಲ್ಲಿನ ಮುಳ್ಳು ಅದರಲ್ಲೇ ಸಿಕ್ಕಿಕೊಂಡಿತ್ತು. ಉಗುರು ಮುರಿಯಿತು. ಅಜ್ಜಿಯ ಹೆಸರಿನ ಬಿಲ್ಲೆ ಕಳಚಿ, ಅದರ ಪಿನ್ನಿನಿಂದ ಮುಳ್ಳನ್ನು ಮೀಟಿದಳು. ಪಟ್ಟಿ ಸಡಿಲವಾಯಿತು, ಒಮ್ಮೆ ಬಿಗಿದು ನಿಂತು, ಆಮೇಲೆ ಬುಸ್ಸೆಂದು ಬಿಟ್ಟುಕೊಟ್ಟು ಗವುಸು ಅವಳ ಎರಡೂ ಅಂಗೈಯ ಮೇಲೆ ಬಿತ್ತು. ಹೊರಮುಖದಲ್ಲಿ ಗಂಟೆ ಬಡಿದು ಬಡಿದು ನುಣುಪಾದ ಒಂದು ತಗ್ಗು, ಹೆಬ್ಬೆರಳಿನ ಗಾತ್ರದ್ದು. ಅವಳು ಹೆಬ್ಬೆರಳಿಟ್ಟು ನೋಡಿ, ತೆಗೆದು, ಗವುಸನ್ನು ಉಳಿದ ಏಳರ ಜೊತೆ ಚೀಲಕ್ಕೆ ಹಾಕಿದಳು. ಬಿಲ್ಲೆಯನ್ನೂ ಹಾಕಿದಳು. ಚೀಲದ ತೂಕ ಸರಿಯಾಯಿತು. ಗೆಣ್ಣಿನಿಂದ ಗಂಟೆಯ ಅಂಚನ್ನು ಒಂದೇ ಒಂದು ಸಲ ತಟ್ಟಿದಳು. ಅದು ಸಣ್ಣಗೆ, ಅವಳಿಗಷ್ಟೇ, ಬಹಳ ಹೊತ್ತು ಮಿಡಿಯಿತು. ಮಿಡಿತ ನಿಲ್ಲುವ ಮೊದಲೇ ಅವಳು ಏಣಿಯ ಮೇಲಿದ್ದಳು, ಎಡಗಾಲು ಹಿಂದೆ.

‘ಎಲ್ಲಾ ಬಂತಾ?’ ಎಂದ ಆಂಬ್ರೋಸ್, ಕೆಳಗಿನಿಂದ.

‘ಬಂತು’ ಎಂದಳು ಹೆಟ್ಟಿ.